ಆರುನೂರು ಹೆಜ್ಜೆ, ಮೂವತ್ತು ಚೆಂಡು

ಮೊದಲ ದಿನ: ಘಟ್ಟ ಇಳಿದದ್ದು

ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಎರಡೇ ಮಾತು ಹೇಳಿದಳು. "ಹುಡುಗನ್ನ ಬಿಸಿಲಲ್ಲಿ ಅಲೆಸಬೇಡ. ಬರುವಾಗ ಒಂದು ಚೆಂಡು ಶಂಕರಪುರ ಮಲ್ಲಿಗೆ ತಗೊಂಡು ಬಾ, ಆಯುಧ ಪೂಜೆಗೆ ಬೇಕು." ನಾವು ಯಾಕೆ ಹೋಗುತ್ತಿದ್ದೇವೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳೋಕೂ ನಾಚಿಕೆ. ನಲವತ್ತರ ಹತ್ತಿರದ ಗಂಡಸು ದಸರಾ ರಜೆಯಲ್ಲಿ ಶಿವಮೊಗ್ಗದಿಂದ ಉಡುಪಿಗೆ ಹೊರಟಿದ್ದು ಒಂದು ಗುಲಾಬಿ ಹವಳ ಹಿಡಿಯೋಕೆ. ಅದೂ ಫೋನಿನೊಳಗಿನ ಹವಳ.

ಅದರ ಹೆಸರು ಕೋರ್ಸೋಲಾ. ಪೋಕೆಮಾನ್ ಪಟ್ಟಿಯಲ್ಲಿ 222ನೇ ನಂಬರು. ಪೋಕೆಮಾನ್ ಗೋ ಅಂದರೆ ಹೊರಗೆ ನಡೆದಾಡುತ್ತಾ, ಫೋನಿನಲ್ಲಿ ಎದುರಾಗುವ ಪ್ರಾಣಿಗೆ ಚೆಂಡು ಎಸೆದು ಹಿಡಿಯುವ ಆಟ. ಅದರಲ್ಲಿ ಕೆಲವು ಪ್ರಾಣಿಗಳು ಕೆಲವು ಸೀಮೆಯಲ್ಲಿ ಮಾತ್ರ ಸಿಗುತ್ತವೆ. ಹೊಗೆ ಬಿಡುವ ಆಮೆ ಟಾರ್ಕೋಲ್ ನಮ್ಮ ದೇಶದಲ್ಲಿ ಬೇಡ ಅಂದರೂ ಸಿಗುತ್ತದೆ. ಅಮೆರಿಕದಲ್ಲಿರುವ ಗೆಳೆಯ ಅದಕ್ಕೆ ಬಾಯಿ ಬಿಡುತ್ತಾನೆ. ಕೋರ್ಸೋಲಾ ಹಾಗಲ್ಲ. ಬಿಸಿ ನಾಡಾಗಿರಬೇಕು, ಜೊತೆಗೆ ಕಡಲು ಹತ್ತಿರ ಇರಬೇಕು. ನಮ್ಮೂರಲ್ಲಿ ತುಂಗೆ ಇದ್ದಾಳೆ, ಗಾಜನೂರು ಡ್ಯಾಮ್ ಇದೆ, ಕಡಲಿಲ್ಲ. 2016ರ ಡಿಸೆಂಬರಿನಲ್ಲಿ ಆಟ ಇಂಡಿಯಾಕ್ಕೆ ಬಂದಾಗಿನಿಂದ ಆಡುತ್ತಿದ್ದೇನೆ, 222ರ ಜಾಗ ಮಾತ್ರ ಖಾಲಿ. ಮಧ್ಯೆ ಎರಡು ಸಲ ಮದುವೆಗೆ ಅಂತ ಕುಂದಾಪುರಕ್ಕೆ ಹೋಗಿದ್ದೆ. ಎರಡು ಸಲವೂ ಅಕ್ಕ ಫೋನ್ ತೆಗೆಯೋಕೆ ಬಿಡಲಿಲ್ಲ.

ಜೊತೆಗೆ ಬಂದವನು ಅವಳ ಮಗ ಪುಟ್ಟು, ಏಳನೇ ಕ್ಲಾಸು. ಅವನಿಗೆ ನನ್ನ ಆಟ ಕಂಡರೆ ತಾತ್ಸಾರ. ಅವನದ್ದು ನಾನೇ ಕೊಟ್ಟ ಹಳೇ ಗೇಮ್ ಬಾಯ್ ಅಡ್ವಾನ್ಸ್, ಕೈಯಲ್ಲಿ ಹಿಡಿದು ಆಡುವ ಪುಟ್ಟ ಮಷೀನು, ಅದರಲ್ಲಿ 2004ರ ಪೋಕೆಮಾನ್ ಫೈರ್‌ರೆಡ್ ಆಟ. ಅದರಲ್ಲಿ ಅವನು ಫ್ಯೂಷಿಯಾ ಸಿಟಿಯ ಸಫಾರಿ ಝೋನ್‌ಗೆ ಬಂದು ನಿಂತಿದ್ದ. ಆಡದವರಿಗೆ ಹೇಳಬೇಕು: ಅದೊಂದು ಬೇಲಿ ಹಾಕಿದ ಕಾಡು. ಆಟದ ದುಡ್ಡು ಐನೂರು ಕಟ್ಟಿದರೆ ಒಳಗೆ ಬಿಡುತ್ತಾರೆ, ಕೈಗೆ ಮೂವತ್ತು ಸಫಾರಿ ಬಾಲ್ ಕೊಡುತ್ತಾರೆ. ಆರುನೂರು ಹೆಜ್ಜೆ ಆದ ಕೂಡಲೇ ಗಂಟೆ ಹೊಡೆದು ಆಚೆ ಕಳಿಸುತ್ತಾರೆ. ಬೇರೆ ಕಡೆಯ ಹಾಗೆ ನಮ್ಮ ಪ್ರಾಣಿ ಬಿಟ್ಟು ಕಾದಾಡುವ ಹಾಗಿಲ್ಲ. ಚೆಂಡು ಎಸೆಯಬಹುದು, ತಿನ್ನೋಕೆ ಹಾಕಬಹುದು, ಕಲ್ಲು ಹೊಡೆಯಬಹುದು, ಇಲ್ಲಾ ಓಡಿ ಬರಬಹುದು. ತಿನ್ನೋಕೆ ಹಾಕಿದರೆ ಪ್ರಾಣಿ ನಿಲ್ಲುತ್ತದೆ, ಆದರೆ ಚೆಂಡಿಗೆ ಸುಲಭವಾಗಿ ಬೀಳುವುದಿಲ್ಲ. ಕಲ್ಲು ಹೊಡೆದರೆ ಸುಲಭವಾಗಿ ಬೀಳುತ್ತದೆ, ಆದರೆ ಓಡಿಹೋಗುವುದೂ ಜಾಸ್ತಿ. ಪುಟ್ಟುಗೆ ಬೇಕಾದದ್ದು ಮೊಟ್ಟೆ ಹೊತ್ತುಕೊಂಡು ತಿರುಗುವ ಗುಂಡನೆಯ ಚಾನ್ಸಿ. ಎಲ್ಲೋ ಒಮ್ಮೆ ಹುಲ್ಲಿನಿಂದ ಎದುರಾಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಪರಾರಿ.

ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸಿಲ್ಲ, ಮಿನಿ ಬಸ್ಸೇ ಗತಿ. ಹದಿನಾಲ್ಕು ತಿರುವು. ಸ್ಕ್ರೀನ್ ನೋಡಬೇಡ, ಹೊರಗೆ ನೋಡು ಅಂತ ಮೊದಲೇ ಹೇಳಿದ್ದೆ. ಹೊರಗೆ ಮಂಜು ಬಿಟ್ಟರೆ ಏನಿಲ್ಲ ಮಾಮ ಅಂದ. ನಿಜ, ಅಕ್ಟೋಬರ್ ಆದರೂ ಮೋಡ ರಸ್ತೆಗೇ ಇಳಿದಿತ್ತು. ಐದೋ ಆರನೆಯದೋ ತಿರುವಿನಲ್ಲಿ ಅವನ ಮುಖ ಬಿಳುಚಿಕೊಂಡಿತು. ಮುಂದಿನ ಸೀಟಿನ ಹೆಂಗಸು ಏನೂ ಕೇಳದೆ ಒಂದು ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಕವರ್ ಹಿಂದಕ್ಕೆ ಚಾಚಿದರು. ದಿನಾ ನೋಡುವವರಿರಬೇಕು. ಕವರ್ ಬೇಕಾಯಿತು. ನಿಂಬೆಹಣ್ಣು ಸೋಮೇಶ್ವರದ ತನಕ ಮೂಗಿನ ಹತ್ತಿರವೇ ಇತ್ತು. ಆ ದಾರಿಯಲ್ಲಿ ಹೋಗುವವರು ಎರಡನ್ನೂ ಜೇಬಲ್ಲಿ ಇಟ್ಟುಕೊಂಡೇ ಹತ್ತಿ.

ಉಡುಪಿಯಲ್ಲಿ ಚೀಲ ಇಟ್ಟು ನೇರ ರಥಬೀದಿಗೆ ಹೋದೆವು. ಮಿತ್ರ ಸಮಾಜದಲ್ಲಿ ಗೋಳಿಬಜೆ. ಎಣ್ಣೆಯಿಂದ ಆಗಷ್ಟೇ ತೆಗೆದದ್ದು, ಒಳಗೆ ಮೆತ್ತಗೆ, ಸ್ವಲ್ಪ ಹುಳಿ, ಶುಂಠಿ ಕಚ್ಚುವಷ್ಟು. ಹೊಟ್ಟೆ ಕೆಟ್ಟವನು ಅಂತ ಕರೆದುಕೊಂಡು ಬಂದಿದ್ದ ಹುಡುಗ ಎರಡು ಪ್ಲೇಟ್ ಮುಗಿಸಿ ಬನ್ಸ್ ಹೇಳಿದ. ರಥಬೀದಿ ಈ ಆಟದವರಿಗೆ ಸ್ವರ್ಗ. ಸುತ್ತ ಎಂಟು ಮಠ, ಮಧ್ಯೆ ಅನಂತೇಶ್ವರ, ಚಂದ್ರಮೌಳೀಶ್ವರ. ಇಂಥ ಜಾಗಗಳು ಆಟದಲ್ಲಿ ಪೋಕೆಸ್ಟಾಪ್, ಅಂದರೆ ಚೆಂಡು, ಬೆರಿ ಹಣ್ಣು ಸಿಗುವ ತಾಣ. ನಿಂತಲ್ಲೇ ಅದನ್ನು ತಿರುಗಿಸಿ ಆಟದ ಚೀಲ ತುಂಬಿಸಿಕೊಳ್ಳಬಹುದು. ಕೃಷ್ಣ ಮಠದ ಒಳಗೆ ಮಾತ್ರ ಫೋನ್ ಆಫ್ ಮಾಡಿ ಜೇಬಿಗೆ ಹಾಕಿದೆ, ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ನೋಡೋಕೆ ಸಿಕ್ಕಿದ್ದು ಒಂದೆರಡು ಕ್ಷಣ. ಹಿಂದಿನಿಂದ ಜನ ತಳ್ಳುತ್ತಿದ್ದರು.

ಹೊರಗೆ ಹೂವಿನವರ ಹತ್ತಿರ ಮಲ್ಲಿಗೆ ವಿಚಾರಿಸಿದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ರೇಟ್ ಕೇಳಿ ಸುಮ್ಮನೆ ನಿಂತೆ. "ನವರಾತ್ರಿ ಅಲ್ವಾ ಅಣ್ಣ, ನಾಡಿದ್ದು ಇನ್ನೂ ಏರ್ತದೆ" ಅಂದರು. ನಾಡಿದ್ದಿಗೆ ಬಾಡುವ ಹೂವನ್ನು ಇವತ್ತೇ ಕೊಂಡು ಏನು ಮಾಡಲಿ?

ಸಂಜೆ ಐದಕ್ಕೆ ಮಲ್ಪೆ. ಬೀಚಿನಲ್ಲಿ ದಸರಾ ಜನ, ಬಲೂನು, ಚುರುಮುರಿ. ನಾನು ಸೀ ವಾಕ್ ಕಡೆ ನಡೆದೆ. ಹತ್ತು ನಿಮಿಷವೂ ಆಗಿಲ್ಲ, ಫೋನ್ ನಡುಗಿತು. ಪರದೆಯ ಮೇಲೆ ಗುಲಾಬಿ ಕೊಂಬು, ಬಿಳಿ ಹೊಟ್ಟೆ. ಕೋರ್ಸೋಲಾ! ಇಷ್ಟು ವರ್ಷ ಕಾದದ್ದು ಇಷ್ಟು ಸುಲಭವಾಗಿ ಎದುರಿಗೆ ನಿಂತರೆ ಮನುಷ್ಯನಿಗೆ ದುರಾಸೆ ಬರುತ್ತದೆ. ರ‍್ಯಾಝ್ ಬೆರಿ ಕೊಟ್ಟರೆ ಹಿಡಿಯೋದು ಸುಲಭ. ಪಿನಾಪ್ ಬೆರಿ ಕೊಟ್ಟರೆ, ಹಿಡಿದ ಪ್ರಾಣಿಯನ್ನು ಬೆಳೆಸೋಕೆ, ಬೇರೆ ರೂಪಕ್ಕೆ ಬದಲಾಯಿಸೋಕೆ ಬೇಕಾದ ಕ್ಯಾಂಡಿ ಡಬಲ್. ನಾನು ಪಿನಾಪ್ ಕೊಟ್ಟೆ. ಚೆಂಡು ಒಂದು ಸಲ ಅಲುಗಿತು, ಎರಡು ಸಲ ಅಲುಗಿತು, ಒಡೆಯಿತು. ಒಂದಿಷ್ಟು ಹೊಗೆ. ಅಷ್ಟೇ.

ಪುಟ್ಟು ಪಕ್ಕದಿಂದ ಇಣುಕಿ ನೋಡುತ್ತಿದ್ದ. "ಮಾಮ, ಈ ಕೋರ್ಸೋಲಾ ಬೇರೆ ಏನೂ ಆಗಿ ಬದಲಾಗಲ್ಲ ಅಲ್ವಾ? ಡಬಲ್ ಕ್ಯಾಂಡಿ ತಗೊಂಡು ನೀನೇನು ಮಾಡ್ತಿದ್ದೆ?"

ಉತ್ತರ ಇರಲಿಲ್ಲ. ಕಲ್ಲಿನ ಮೇಲೆ ಗಾಳ ಹಿಡಿದು ಕೂತಿದ್ದ ಅಜ್ಜರೊಬ್ಬರ ಪಕ್ಕ ಹೋಗಿ ಕೂತೆ. ಬಾಯಿ ತುಂಬ ಎಲೆಯಡಿಕೆ. ಏನೋ ಕೇಳಿದರು, ತಿಳಿಯಲಿಲ್ಲ. ಉಗುಳಿ ಬಂದು ಮತ್ತೆ ಕೇಳಿದರು, "ಎಂತ ಕಳ್ಕೊಂಡ್ರಿ?" ಪುಟ್ಟು ಎಲ್ಲವನ್ನೂ ಹೇಳಿದ. ನನ್ನದನ್ನೂ ಹೇಳಿದ, ತನ್ನ ಸಫಾರಿಯ ಕಲ್ಲು, ತಿಂಡಿಯ ಲೆಕ್ಕವನ್ನೂ ಒಪ್ಪಿಸಿದ. ಅಜ್ಜ ಗಂಭೀರವಾಗಿ ಕೇಳಿಸಿಕೊಂಡರು.

"ಕಲ್ಲು ಹೊಡೆದ್ರೆ ಮೀನು ಬರ್ತದಾ ಮಗಾ?"

"ಆಟದಲ್ಲಿ ಬರುತ್ತೆ ಅಜ್ಜ. ಒಂದೊಂದು ಸಲ."

"ಹಾಗಾದ್ರೆ ಅದು ಬುದ್ಧಿ ಇಲ್ಲದ ಮೀನು." ಎರೆ ಸಿಕ್ಕಿಸಿದ ಗಾಳವನ್ನು ಮತ್ತೆ ನೀರಿಗೆ ಬೀಸಿದರು. ನಾವು ಕತ್ತಲಾಗುವ ತನಕ ಕೂತೆವು. ಅವರಿಗೂ ಏನೂ ಸಿಗಲಿಲ್ಲ. ಅದರ ಬಗ್ಗೆ ಅವರಿಗೆ ಬೇಸರ ಇದ್ದ ಹಾಗೂ ಕಾಣಲಿಲ್ಲ.

ಎರಡನೇ ದಿನ: ನೆಟ್‌ವರ್ಕ್ ಇಲ್ಲದ ದ್ವೀಪ

ಬೆಳಿಗ್ಗೆಯೇ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು. ಮಳೆಗಾಲದಲ್ಲಿ ಬೋಟು ಬಿಡುವುದಿಲ್ಲ, ಮಳೆ ಮುಗಿದು ಕಡಲು ತಣ್ಣಗಾದ ಮೇಲೆಯೇ ಶುರು. ಜನ ತುಂಬುವ ತನಕ ಕಾಯಬೇಕು, ಹಾಗಾಗಿ ಟೋಪಿ ಮರೆಯಬೇಡಿ. ನಾನು ಮರೆತಿದ್ದೆ. ಹುಡುಗನನ್ನು ಬಿಸಿಲಲ್ಲಿ ಅಲೆಸಬೇಡ ಅಂದದ್ದು ಬೋಟು ಹತ್ತಿದ ಮೇಲೆ ನೆನಪಾಯಿತು. ನನ್ನ ಟವೆಲ್ ಅವನ ತಲೆಗೆ ಹೋಯಿತು.

ನನ್ನ ಲೆಕ್ಕ ಸರಳವಾಗಿತ್ತು. ದಡದಲ್ಲೇ ಒಂದು ಸಿಕ್ಕಿದೆ, ನಾಲ್ಕೂ ಕಡೆ ಕಡಲಿರುವ ಜಾಗದಲ್ಲಿ ರಾಶಿ ಬಿದ್ದಿರಬೇಕು. ದ್ವೀಪ ಹತ್ತಿರ ಬರುತ್ತಿದ್ದ ಹಾಗೆ ನನ್ನ ಸಿಮ್‌ನ ಕಡ್ಡಿಗಳು ಒಂದೊಂದೇ ಮಾಯವಾದವು. ಇಳಿದಾಗ ಆಟದಲ್ಲಿ ನಾನೊಬ್ಬನೇ ನಿಂತಿದ್ದೆ. ಸುತ್ತ ರಸ್ತೆ ಇಲ್ಲ, ಸ್ಟಾಪ್ ಇಲ್ಲ, ಒಂದು ಹುಳವೂ ಇಲ್ಲ. ಫೋನನ್ನು ಎತ್ತಿ ಹಿಡಿದೆ, ಬಂಡೆ ಹತ್ತಿ ಹಿಡಿದೆ. ಸೆಲ್ಫಿ ತೆಗೆಯುತ್ತಿದ್ದಾನೆ ಅಂದುಕೊಂಡು ಒಬ್ಬರು "ನಾನು ತೆಗೆದು ಕೊಡ್ಲಾ ಸಾರ್?" ಅಂದರು. ಆ ಫೋಟೋ ಈಗಲೂ ಇದೆ. ಜೀವನದಲ್ಲಿ ಅಷ್ಟು ಪೆಚ್ಚಾದ ಮುಖ ನನ್ನದು ಬೇರೆ ಇಲ್ಲ.

ಪುಟ್ಟುವಿನ ಆಟಕ್ಕೆ ನೆಟ್‌ವರ್ಕ್ ಬೇಡ. ತೆಂಗಿನ ಮರದ ನೆರಳಲ್ಲಿ ಕೂತು ಐನೂರು ಕಟ್ಟಿ ಸಫಾರಿ ಹೊಕ್ಕ. ಆ ಬೇಲಿಯೊಳಗೆ ಕಂಗಾಸ್‌ಖಾನ್ ಇದೆ, ಟಾರೋಸ್ ಇದೆ. ನನ್ನ ಆಟದಲ್ಲಿ ಮೊದಲನೆಯದಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಬೇಕು, ಎರಡನೆಯದಕ್ಕೆ ಅಮೆರಿಕಕ್ಕೆ. ಅವನು ಅರ್ಧ ಗಂಟೆಯಲ್ಲಿ ಎರಡನ್ನೂ ಹಿಡಿದು ನನ್ನ ಮುಂದೆ ಹಿಡಿದ. ಸುಮ್ನೆ ಹೊಟ್ಟೆ ಉರಿಸೋಕೆ.

ಮಾಡೋಕೆ ಕೆಲಸ ಇಲ್ಲದೆ ನಾನು ಕಲ್ಲು ನೋಡಿದೆ. ಒಳ್ಳೆಯದೇ ಆಯಿತು. ಅಲ್ಲಿನ ಬಂಡೆಗಳು ಸುಮ್ಮನೆ ಬಿದ್ದ ಬಂಡೆಗಳಲ್ಲ. ಯಾರೋ ಅಳತೆ ಇಟ್ಟು ಕೊಯ್ದು ನಿಲ್ಲಿಸಿದ ಹಾಗೆ ಸಾಲು ಸಾಲು ಕಂಬ, ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟಿಕೊಂಡಿದ್ದು ಬಿಟ್ಟುಹೋಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಅದು. ತಣ್ಣಗಾಗುತ್ತಾ ಕುಗ್ಗಿದ್ದಕ್ಕೆ ಬಿರುಕು ಬಿಟ್ಟು ಹೀಗೆ ಕಂಬ ಕಂಬವಾಗಿದೆ. ಒಣಗಿದ ಕೆರೆಯ ಕೆಸರು ಬಿರಿಯುತ್ತದಲ್ಲ, ಅದೇ ತರ, ಆಳಕ್ಕೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಇದೆ. ಪುಟ್ಟುವನ್ನು ಎಬ್ಬಿಸಿ ತೋರಿಸಿದೆ. ಒಂದು ಕಂಬದಿಂದ ಇನ್ನೊಂದಕ್ಕೆ ಎಣಿಸುತ್ತಾ ಕಾಲಿಟ್ಟ. "ಮಾಮ, ಇದು ಗೇಮಿನ ನೆಲ ಇದ್ದ ಹಾಗೇ ಇದೆ. ಕಟ್ಟೋಕೆ ಸೋಮಾರಿತನ ಮಾಡಿ ಒಂದೇ ಚಿತ್ರವನ್ನ ಪಕ್ಕ ಪಕ್ಕ ಇಟ್ಟಿದ್ದಾರೆ." ಪಾಚಿ ಇರುವ ಕಡೆ ಜಾರುತ್ತದೆ ಅಂತ ಹೇಳಿ ಮುಗಿಸುವ ಮೊದಲೇ ನಾನೇ ಜಾರಿ ಕೂತೆ. ಮೊಣಕೈ ತರಚಿತು. ಫೋನಿಗೆ ಏನೂ ಆಗಲಿಲ್ಲ, ಆಗಿದ್ದರೂ ಅಲ್ಲಿ ಅದರಿಂದ ಏನೂ ಉಪಯೋಗ ಇರಲಿಲ್ಲ ಬಿಡಿ.

ಮಧ್ಯಾಹ್ನ ಬಂದರಿನ ಹತ್ತಿರ ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ರವೆ ಹಚ್ಚಿ ಕಾಯಿಸಿದ ಕಾಣೆ. ಬಡಿಸುವವರು "ಮುಳ್ಳು ತೆಗೆದು ತಿನ್ಲಿಕ್ಕೆ ಬರ್ತದಾ?" ಅಂತ ಘಟ್ಟದ ಮೇಲಿನವರನ್ನು ನೋಡಿ ಕೇಳಿದರು. ಬರುತ್ತದೆ ಅಂದೆ. ಸಂಜೆಯ ತನಕ ಒಂದು ಮುಳ್ಳು ಗಂಟಲಲ್ಲೇ ಇತ್ತು, ಬಾಳೆಹಣ್ಣು ನುಂಗಿ ನುಂಗಿ ಇಳಿಸಿದೆ.

ಆಮೇಲೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರು. ಕಂಡಕ್ಟರ್ "ರೈಟ್ ಪೋಯಿ" ಅಂದದ್ದಷ್ಟೇ ನೆನಪು. ಕಾಪುವಿನಲ್ಲಿ ಇಳಿದು 1901ರ ದೀಪಸ್ತಂಭ ಹತ್ತಬೇಕು ಅಂತಿತ್ತು. ಎಚ್ಚರವಾದಾಗ ಸುರತ್ಕಲ್ ದಾಟಿತ್ತು.

ಮೂರನೇ ದಿನ: ಹುಲಿ, ಹುಲಿ, ಮಳೆ

ಪಿಲಿ ಅಂದರೆ ತುಳುವಿನಲ್ಲಿ ಹುಲಿ. ಪಿಲಿಕುಳ ಅಂದರೆ ಹುಲಿ ನೀರು ಕುಡಿಯೋಕೆ ಬರುತ್ತಿದ್ದ ಕೊಳ. ಮಂಗಳೂರಿನಿಂದ ಹನ್ನೆರಡು ಕಿಲೋಮೀಟರ್ ಆಗಬಹುದು, ವಾಮಂಜೂರಿನ ಆಚೆ. ಸುಮಾರು 370 ಎಕರೆಯಲ್ಲಿ ಮೃಗಾಲಯ, ಕೆರೆ, ಹಳೇ ಗುತ್ತಿನ ಮನೆ ಎಲ್ಲ ಇವೆ. ಇದು ನಿಜವಾದ ಸಫಾರಿ ಝೋನ್ ಅಂತ ಆಸೆ ತೋರಿಸಿ ಪುಟ್ಟುವನ್ನು ಎಬ್ಬಿಸಿದ್ದೆ. ಬೆಳಿಗ್ಗೆ ಬೇಗ ಹೋದದ್ದು ಒಳ್ಳೆಯದಾಯಿತು, ಬಿಸಿಲೇರಿದರೆ ಪ್ರಾಣಿಗಳೆಲ್ಲ ನೆರಳಿಗೆ ಸೇರಿಬಿಡುತ್ತವೆ. ಹುಲಿಯೊಂದು ಬೇಲಿಯ ಪಕ್ಕವೇ ನಡೆಯುತ್ತಿತ್ತು. ಆ ತುದಿಯಿಂದ ಈ ತುದಿಗೆ, ಮತ್ತೆ ಆ ತುದಿಗೆ. ಪುಟ್ಟು ಅದರ ಹೆಜ್ಜೆ ಎಣಿಸಿದ. ಎಷ್ಟು ಅಂತ ಕೇಳಿದೆ, ಹೇಳಲಿಲ್ಲ.

ಸ್ವಲ್ಪ ಆಚೆ ಒಬ್ಬ ಹುಡುಗ ಕೋತಿಯ ಕಡೆ ಕಡಲೆಕಾಯಿ ಎಸೆಯೋಕೆ ಹೊರಟ. ಕಾವಲುಗಾರ ಗದರಿದರು, "ಆಹಾರ ಹಾಕ್ಲಿಕ್ಕಿಲ್ಲ, ಕಲ್ಲು ಹೊಡೀಲಿಕ್ಕಿಲ್ಲ!" ಪುಟ್ಟು ನನ್ನ ಕಡೆ ತಿರುಗಿದ. "ಮಾಮ, ಹಾಗಾದ್ರೆ ಉಳಿದದ್ದು ಎರಡೇ."

ಕೆರೆಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ಗುಂಪು ಗುಂಪಾಗಿ ಹಾರುತ್ತಿದ್ದವು. ಈ ಆಟ ಹುಟ್ಟಿಸಿದ ಸತೋಶಿ ತಾಜಿರಿ ಚಿಕ್ಕವರಿದ್ದಾಗ ಟೋಕಿಯೊ ಪಕ್ಕದ ಊರಲ್ಲಿ ಹುಳ ಹಿಡಿದು ಕೂಡಿಡುತ್ತಿದ್ದರು. ಗದ್ದೆ, ಕೆರೆ ಹೋಗಿ ಕಟ್ಟಡ ಬಂದವು. ಆ ಹುಳ ಹಿಡಿಯುವ ಖುಷಿಯನ್ನೇ ಆಟ ಮಾಡಿದರು, 1996ರಲ್ಲಿ ಮೊದಲ ಪೋಕೆಮಾನ್ ಆಟ ಬಂತು. ನಾನೂ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದವನೇ ಅಂತ ಪುಟ್ಟುಗೆ ಹೇಳಿದೆ. ಅದಕ್ಕೆ ನೋವಾಗಲ್ವಾ ಅಂದ. ಆಗ ಯಾರೂ ಹಾಗೆ ಕೇಳಿರಲಿಲ್ಲ.

ಪೇಟೆಗೆ ವಾಪಸ್ ಬಂದಾಗ ತಾಸೆಯ ಸದ್ದು ಮೊದಲು ಕೇಳಿಸಿತು, ಆಮೇಲೆ ಹುಲಿಗಳು ಕಂಡವು. ನವರಾತ್ರಿಯ ಪಿಲಿವೇಷ. ಹಳದಿ ಮೈ, ಕಪ್ಪು ಪಟ್ಟೆ, ತಲೆಗೆ ಹುಲಿ ಮುಖ. ಹೊಡೆತ ಏರಿದ ಹಾಗೆ ಒಂದು ಮರಿಹುಲಿ ಲಾಗ ಹಾಕಿತು, ಹತ್ತು ವರ್ಷವೂ ಆಗಿರಲಿಕ್ಕಿಲ್ಲ. ಬೆಳಿಗ್ಗೆಯಿಂದ ಹುಲಿ ಕಂಡು ಸುಮ್ಮನಿದ್ದ ಪುಟ್ಟು ಇಲ್ಲಿ ಕುಣಿದೇಬಿಟ್ಟ.

ಆಟ ನಿಂತಾಗ ಒಂದು ದೊಡ್ಡ ಹುಲಿ ಅಂಗಡಿಯ ಮುಂದೆ ಸ್ಟ್ರಾ ಹಾಕಿಕೊಂಡು ಸೋಡಾ ಕುಡಿಯುತ್ತಿತ್ತು. ಬಣ್ಣ ಹೋಗಬಾರದಲ್ಲ. ನನ್ನ ಫೋನ್ ನೋಡಿ ಬಗ್ಗಿತು. "ಓ, ಗೋ ಆಡುದಾ? ನಾನೂ ಆಡ್ತೇನೆ ಮಾರಾಯ್ರೆ. ಬಣ್ಣ ಹಚ್ಚಿದ ಮೇಲೆ ಫೋನ್ ಮುಟ್ಲಿಕ್ಕೆ ಆಗುದಿಲ್ಲ, ಕೈ ತುರಿಸ್ತಾ ಉಂಟು." ನನ್ನ ಕೋರ್ಸೋಲಾ ಕಥೆ ಕೇಳಿ ಹುಲಿ ನಕ್ಕಿತು. "ಪಿನಾಪ್ ಯಾಕೆ ಕೊಟ್ರಿ? ಸಂಜೆ ತಣ್ಣೀರುಬಾವಿಗೆ ಹೋಗಿ. ಸುಲ್ತಾನ್ ಬತ್ತೇರಿಯಿಂದ ಬೋಟು ಉಂಟು. ಮೋಡ ನೋಡಿ, ಮಳೆ ಬಂದ್ರೆ ಇನ್ನೂ ಒಳ್ಳೇದು." ಆಟದಲ್ಲಿ ಮಳೆ ಬಂದರೆ ನೀರಿನ ಜಾತಿಯವು ಜಾಸ್ತಿ ಬರುತ್ತವೆ, ಬಲವೂ ಏರುತ್ತದೆ. ಅದು ನನಗೂ ಗೊತ್ತಿತ್ತು. ಆದರೂ ಹುಲಿಯ ಬಾಯಲ್ಲಿ ಕೇಳಿದರೆ ಬೇರೆಯೇ ಧೈರ್ಯ.

ಸುಲ್ತಾನ್ ಬತ್ತೇರಿ ಅಂದರೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ. ನೋಡೋಕೆ ಹತ್ತು ನಿಮಿಷ ಸಾಕು. ಅದರ ಕೆಳಗಿಂದಲೇ ಫಲ್ಗುಣಿ ನದಿ ದಾಟುವ ಬೋಟು. ಆಚೆ ದಡದಲ್ಲಿ ತಣ್ಣೀರುಬಾವಿ, ಅದರ ಆಚೆ ಕಡಲು. ಬೋಟು ಬಿಟ್ಟದ್ದೇ ತಡ, ಮಳೆ ಹನಿಯೋಕೆ ಶುರುವಾಯಿತು. ನಡು ನೀರಿನಲ್ಲಿ ಫೋನ್ ನಡುಗಿತು.

ಕೋರ್ಸೋಲಾ.

ಎದ್ದು ನಿಂತೆ. "ಕೂತ್ಕೊಳ್ಳಿ ಮಾರಾಯ್ರೆ!" ಅಂತ ಬೋಟಿನವರು ಕೂಗಿದರು. ಕೂತೆ. ರ‍್ಯಾಝ್ ಬೆರಿ ಕೊಟ್ಟೆ. ಚೆಂಡು ಎಳೆದೆ, ಅದು ಅಡ್ಡಕ್ಕೆ ಹಾರಿತು. ಇನ್ನೊಂದು, ಅದೂ ಅಡ್ಡಕ್ಕೆ. ಪರದೆಯ ಮೇಲೆ ಬಿದ್ದ ಮಳೆ ಹನಿಗಳನ್ನೂ ಫೋನು ಬೆರಳು ಅಂದುಕೊಂಡಿತ್ತು. ಅಂಗಿಯಲ್ಲಿ ಒರೆಸಿದೆ, ಅಂಗಿಯೇ ಒದ್ದೆ. ಪುಟ್ಟು ತನ್ನ ಗೇಮ್ ಬಾಯನ್ನು ಚಡ್ಡಿ ಜೇಬಿಗೆ ತುರುಕಿ, ನನ್ನದೇ ಟವೆಲನ್ನು ನನ್ನ ತಲೆಯ ಮೇಲೆ ಗುಡಾರದ ಹಾಗೆ ಹಿಡಿದ. "ನಿಧಾನ ಮಾಮ. ಅದು ಓಡಲ್ಲ. ನಿಧಾನ." ಟವೆಲಿನೊಳಗೆ ನಾವಿಬ್ಬರು, ಮೀನಿನ ವಾಸನೆ, ಒಂದು ಬೆಳಕಿನ ಚೌಕ. ಮೂರನೆಯ ಚೆಂಡು ನೇರ ಹೋಯಿತು. ಅಲುಗಿತು, ಅಲುಗಿತು, ಅಲುಗಿತು, ನಿಂತಿತು.

ನಾನು ಕೂಗಿದ್ದಕ್ಕೆ ಎದುರಿಗೆ ಕೂತ ಹೆಂಗಸು ಬೆಚ್ಚಿ "ದಾದ ಆಂಡ್?" ಅಂದರು, ಏನಾಯಿತು ಅಂತ. ಹವಳ ಸಿಕ್ಕಿತು ಅಂದೆ. ಅವರು ಬೋಟಿನ ತಳ ನೋಡಿದರು.

ಸಿಪಿ, ಅಂದರೆ ಅದರ ಬಲದ ಲೆಕ್ಕ, 187. ಆಡುವವರಿಗೆ ಗೊತ್ತು, ಅದು ಏನೂ ಅಲ್ಲ.

ನಾಲ್ಕನೇ ದಿನ: ಒಂದು ಚೆಂಡು

ಹಿಂದಿನ ರಾತ್ರಿ ಗಡ್‌ಬಡ್ ಐಸ್‌ಕ್ರೀಮ್ ಮುಗಿಸಿ ರೂಮಿಗೆ ಬಂದಾಗ ಪುಟ್ಟುಗೆ ಚಾನ್ಸಿ ಎದುರಾಗಿತ್ತು. ಕೈಯಲ್ಲಿ ಎರಡೇ ಚೆಂಡು. ಮಲ್ಪೆಯ ಅಜ್ಜನ ಮಾತು ನೆನಪಿಟ್ಟು ಕಲ್ಲು ಮುಟ್ಟಲೇ ಇಲ್ಲ, ತಿನ್ನೋಕೆ ಹಾಕಿದ, ಮತ್ತೆ ಹಾಕಿದ. ಅದು ಚೆನ್ನಾಗಿ ತಿಂದು ಓಡಿಹೋಯಿತು. ಬೆಳಿಗ್ಗೆಯ ತನಕ ಮಾತಿಲ್ಲ.

ಆಯುಧ ಪೂಜೆಯ ದಿನ. ಬಸ್ಸುಗಳ ಮುಂದೆಲ್ಲ ಹೂವಿನ ಹಾರ, ಟೈರಿನ ಕೆಳಗೆ ನಿಂಬೆಹಣ್ಣು. ಮಲ್ಲಿಗೆಯ ರೇಟು ಉಡುಪಿಯವರು ಹೇಳಿದಂತೆ ಏರಿತ್ತು. ಒಂದು ಚೆಂಡು ಕೊಂಡೆ, ಬಾಳೆ ಎಲೆಯಲ್ಲಿ ಸುತ್ತಿಸಿ. ಮೂರು ದಿನದಲ್ಲಿ ನಾನು ಎಸೆದ ಚೆಂಡುಗಳಿಗೆಲ್ಲ ದುಡ್ಡು ಕೊಟ್ಟಿದ್ದರೂ ಅಷ್ಟಾಗುತ್ತಿರಲಿಲ್ಲ. ಘಟ್ಟ ಹತ್ತುವಾಗ ಪುಟ್ಟು ಗೇಮ್ ತೆಗೆಯಲಿಲ್ಲ. ಹೂವಿನ ಪೊಟ್ಟಣವನ್ನು ಮೂಗಿಗೆ ಹಿಡಿದು ಕೂತ. ನಿಂಬೆಹಣ್ಣಿಗಿಂತ ಅದು ಒಳ್ಳೆಯದಂತೆ.

ಮನೆ ಮುಟ್ಟಿದಾಗ ಅಕ್ಕ ಪೂಜೆಗೆ ಎಲ್ಲ ಜೋಡಿಸಿದ್ದಳು. ಈಳಿಗೆಮಣೆ, ಮಿಕ್ಸಿ, ಭಾವನ ಸ್ಪ್ಯಾನರ್ ಸೆಟ್, ಹೊಲಿಗೆ ಮಷೀನಿನ ಕತ್ತರಿ. ಮಲ್ಲಿಗೆ ಬಿಡಿಸಿ ಮೂಸಿ ನೋಡಿದಳು, ಬೈಗುಳ ಅರ್ಧಕ್ಕೇ ನಿಂತಿತು. ನನ್ನ ಮೊಣಕೈ ನೋಡಿದಳು, ಮಗನ ಸುಟ್ಟ ಮೂಗು ನೋಡಿದಳು. ಆಮೇಲೆ ಕೈ ಚಾಚಿದಳು.

"ತೆಗೀರಿ ಇಬ್ಬರೂ. ನಿಮ್ಮ ಆಯುಧ."

ಈಳಿಗೆಯ ಪಕ್ಕ ನನ್ನ ಫೋನು, ಅದರ ಪಕ್ಕ ಗೇಮ್ ಬಾಯ್. ಎರಡಕ್ಕೂ ಕುಂಕುಮ ಇಟ್ಟು, ಬೆರಳುದ್ದ ಮಲ್ಲಿಗೆ ತುಂಡು ಮಾಡಿ ಹಾಕಿದಳು. ಪುಟ್ಟು ಮಂಗಳಾರತಿ ಮುಗಿಯುವ ತನಕ ಕಾದು, ಮೆಲ್ಲಗೆ ಕೇಳಿದ.

"ಅಮ್ಮ, ಯಾವಾಗ ತೆಗೀಬಹುದು? ಇನ್ನೂ ಇನ್ನೂರು ಹೆಜ್ಜೆ ಬಾಕಿ ಇದೆ."

"ನಾಳೆ ಬೆಳಿಗ್ಗೆ" ಅಂದಳು ಅಕ್ಕ, ಹೂವು ಸರಿ ಮಾಡುತ್ತಾ.